ಮಗನ ಹೆಸರಿನ ಜೊತೆ ‘ಉಳ್ಳಾಗಡ್ಡಿ’ ಇರಲೋ, ಬೇಡವೋ?

ಕೇಳಿದವರು, ಬಾಗಲಕೋಟೆಯ ಸೊಸೆ:
ಈಗ ಬೆಂಗಳೂರಿನಲ್ಲಿದ್ದೇವೆ. ಮಗನಿಗೆ ಮೂರು ತಿಂಗಳು, ಜನನ ಪ್ರಮಾಣಪತ್ರಕ್ಕೆ ಹೆಸರು ಸೇರಿಸಬೇಕು. ನಮ್ಮ ಅಡ್ಡಹೆಸರು ಉಳ್ಳಾಗಡ್ಡಿ. ಆಫೀಸಿನಲ್ಲಿ ಯಜಮಾನರನ್ನು ‘ಈರುಳ್ಳಿ’ ಅಂತ ಕರೆದು ನಗುತ್ತಾರೆ. ಮಗನಿಗೆ ಈ ಗತಿ ಬೇಡ ಅಂತ ಅವರ ಹಟ. ‘ಅಡ್ಡಹೆಸರು ಬಿಟ್ಟರೆ ಮನೆತನವನ್ನೇ ಬಿಟ್ಟ ಹಾಗೆ’ ಅಂತ ಮಾವನವರ ಸಿಟ್ಟು. ಅತ್ತೆಯವರಿಗೆ ಸಂಗಪ್ಪ ಅಂತಲೇ ಇಡಬೇಕು. ನೀವೆಲ್ಲ ಏನು ಮಾಡಿದಿರಿ?

ಗೋಕಾಕದಿಂದ:
ಅಕ್ಕಾರ, ಅವಸರ ಬೇಡ. ಜನನ ನೋಂದಣಿಯಾದ ಒಂದು ವರ್ಷದೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ. ಆಮೇಲೂ 15 ವರ್ಷದವರೆಗೆ ಶುಲ್ಕ ಕಟ್ಟಿ ಸೇರಿಸಬಹುದು. ತಿದ್ದಿಸೋದೇ ಕಷ್ಟ.

ನಮ್ಮ ಕಡೆ ಮೊದಲು ತನ್ನ ಹೆಸರು, ಆಮೇಲೆ ಅಪ್ಪನದು, ಕೊನೆಗೆ ಅಡ್ಡಹೆಸರು. ಬಿ.ಡಿ. ಜತ್ತಿ ಅಂದರೆ ಬಸಪ್ಪ ದಾನಪ್ಪ ಜತ್ತಿ. ದಕ್ಷಿಣದ ಕಡೆ ಉಲ್ಟಾ. ಕೆ.ವಿ. ಪುಟ್ಟಪ್ಪ ಅಂದರೆ ಕುಪ್ಪಳಿ ಊರು, ವೆಂಕಟಪ್ಪ ಅಪ್ಪ, ಪುಟ್ಟಪ್ಪ ತಾವು. ಈ ಗೊಂದಲದಲ್ಲಿ ನಾನು ಸಿಕ್ಕಿಬಿದ್ದೆ. ಮಾರ್ಕ್ಸ್ ಕಾರ್ಡಿನಲ್ಲಿ ಮೂರೂ ಹೆಸರು, ಆಧಾರ್‌ನಲ್ಲಿ ಅಪ್ಪನೇ ಮಾಯ, ಪ್ಯಾನ್‌ನಲ್ಲಿ ‘ಬಡಿಗೇರ’ ಮೊದಲು. ಪಿಎಫ್ ದುಡ್ಡು ಬಿಡಿಸಲು ಅಫಿಡವಿಟ್ ಮಾಡಿಸಿ ನಾಲ್ಕು ತಿಂಗಳು ಅಲೆದೆ. ಏನಾದರೂ ಇಡಿ, ಆದರೆ ಎಲ್ಲಾ ಕಡೆ ಅದೇ ಕ್ರಮ, ಅದೇ ಸ್ಪೆಲಿಂಗ್ ಇರಲಿ.

ಬೆಳಗಾವಿಯಿಂದ:
ಒಂದೇ ಹೆಸರು ಮಾತ್ರ ಇಡಬೇಡಿ. ನನ್ನ ತಂಗಿಯ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇತ್ತು. 2022ರ ನವೆಂಬರಿನಲ್ಲಿ ಯುಎಇಯವರು ಅಂಥವರಿಗೆ ವಿಸಿಟ್ ವೀಸಾ ಇಲ್ಲ ಅಂದಾಗ ದುಬೈ ಹೊರಟವಳು ಮನೆಯಲ್ಲೇ ಉಳಿದಳು. ಅಮೆರಿಕದ ವೀಸಾದಲ್ಲಾದರೆ ಒಂದೇ ಹೆಸರಿನವರಿಗೆ ‘ಎಫ್‌ಎನ್‌ಯು’ ಅಂತ ಹಾಕುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅರ್ಥ! ಐಸ್‌ಲ್ಯಾಂಡಿನವರು ಪುಣ್ಯವಂತರು. ಬಹುಪಾಲು ಜನರಿಗೆ ಮನೆತನದ ಹೆಸರೇ ಇಲ್ಲ, ಅಪ್ಪನ ಅಥವಾ ಅಮ್ಮನ ಹೆಸರಿಗೆ ಮಗ, ಮಗಳು ಅಂತ ಸೇರಿಸಿದರೆ ಮುಗಿಯಿತು.

ಇಳಕಲ್‌ನಿಂದ:
ನಮ್ಮದು ಮೆಣಸಿನಕಾಯಿ. ರೊಟ್ಟಿಯವರೊಬ್ಬರು ಸಿಕ್ಕರೆ ಮೂವರೂ ಸೇರಿ ಬುತ್ತಿ ಕಟ್ಟಬಹುದು ನೋಡಿ.

ವಿಜಯಪುರದಿಂದ, ನಿವೃತ್ತ ಶಿಕ್ಷಕಿ:
ತಂಗಿ, ನಾನು 32 ವರ್ಷ ಹಾಜರಿ ಕೂಗಿದವಳು. ಆ ಪುಸ್ತಕವೇ ಒಂದು ಸಂತೆ. ಕಮ್ಮಾರ, ಕುಂಬಾರ ಕಸುಬಿನಿಂದ ಬಂದವು. ಪಾಟೀಲರು ಊರಿನ ಗೌಡಕಿ ಮಾಡಿದವರು, ಕುಲಕರ್ಣಿಯವರು ಲೆಕ್ಕ ಬರೆದವರು. ಕಿಲ್ಲೇದಾರ, ಇನಾಮದಾರದ ‘ದಾರ’ ಪಾರ್ಸಿ. ಆದಿಲಶಾಹಿ ಊರಲ್ವಾ! ನದಾಫ ಅರಬ್ಬಿ ಮಾತು, ಅರ್ಥ ನಮ್ಮ ಪಿಂಜಾರನದೇ: ಅರಳೆ ಹಿಂಜುವವನು. ಇಂಗ್ಲಿಷಿನ ಸ್ಮಿತ್, ಅರಬ್ಬರ ಹದ್ದಾದ್, ಇಟಲಿಯ ಫೆರಾರಿ, ಎಲ್ಲಾ ಕಮ್ಮಾರಿಕೆಯ ಹೆಸರುಗಳೇ. ಫೆರಾರಿಯವರ ಕಾರು ಮಾತ್ರ ತುಟ್ಟಿ.

ನಮ್ಮಣ್ಣನ ಹೆಸರು ತಿಪ್ಪಣ್ಣ. ಅವನಿಗಿಂತ ಮೊದಲಿನ ಎರಡು ಕೂಸು ಉಳಿಯಲಿಲ್ಲ. ಇವನು ಹುಟ್ಟಿದಾಗ ಅಜ್ಜಿ ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಟ್ಟು, ಪಕ್ಕದ ಮನೆಯಾಕೆಯಿಂದ ಎತ್ತಿಸಿ, ಒಂದು ಸೇರು ಜೋಳ ಕೊಟ್ಟು ವಾಪಸ್ ಕೊಂಡಳಂತೆ. ತಿಪ್ಪೆಯಲ್ಲಿ ಸಿಕ್ಕಿದ್ದು ಯಮನಿಗೂ ಬೇಡ ಅನ್ನೋ ಲೆಕ್ಕ. ನೈಜೀರಿಯಾದ ಯೊರುಬಾ ಜನ ಅಂಥ ಮಗುವಿಗೆ ಮಲೊಮೊ ಅಂತ ಇಡುತ್ತಾರೆ, ‘ಇನ್ನು ಹೋಗಬೇಡ’ ಅಂತ. ಅಣ್ಣನಿಗೆ ಈಗ 78. ಯಾರಾದರೂ ನಕ್ಕರೆ ತಾನೇ ಜಾಸ್ತಿ ನಗುತ್ತಾನೆ.

ಆದರೆ ನನ್ನ ತರಗತಿಯಲ್ಲಿ ಒಬ್ಬ ಸಾಕವ್ವ ಇದ್ದಳು. ನಾಲ್ಕನೇ ಹೆಣ್ಣು, ಸಾಕು ಅಂತ ಇಟ್ಟದ್ದು. ಹಾಜರಿ ಕೂಗಿದರೆ ತಲೆ ಎತ್ತದೆ ‘ಎಸ್ ಟೀಚರ್’ ಅನ್ನುತ್ತಿದ್ದಳು. ನಾನು ಕೊನೆಗೆ ಬರೀ ನಂಬರ್ ಕೂಗತೊಡಗಿದೆ, ಎಲ್ಲರಿಗೂ. 2011ರಲ್ಲಿ ಮಹಾರಾಷ್ಟ್ರದ ಸತಾರಾದಲ್ಲಿ ನಕೋಶಿ, ಅಂದರೆ ಬೇಡವಾದವಳು ಅನ್ನೋ ಹೆಸರಿದ್ದ ಇನ್ನೂರಕ್ಕೂ ಹೆಚ್ಚು ಹುಡುಗಿಯರಿಗೆ ಜಿಲ್ಲಾ ಆಡಳಿತವೇ ಹೊಸ ಹೆಸರು ಕೊಡಿಸಿತು. ಬದಲಿಸಬೇಕಾದ್ದು ಅಂಥವು. ಉಳ್ಳಾಗಡ್ಡಿಗೆ ಏನಾಗಿದೆ?

ಜಮಖಂಡಿಯಿಂದ:
ಹಳೇ ರೋಮಿನ ಭಾಷಣಕಾರ ಸಿಸೆರೊ ಹೆಸರಿನಲ್ಲಿರೋದು ಕಡಲೆ. ರಾಜಕೀಯಕ್ಕೆ ಇಳಿಯುವಾಗ ಹೆಸರು ಬದಲಿಸು ಅಂದರಂತೆ ಗೆಳೆಯರು, ಆತನ ಚರಿತ್ರೆ ಬರೆದ ಪ್ಲುಟಾರ್ಕ್ ಹೇಳಿದ್ದಾನೆ. ಆತ ಕೇಳಲಿಲ್ಲ. ಕ್ರಿ.ಪೂ. 63ರಲ್ಲಿ ರೋಮಿನ ಅತಿ ದೊಡ್ಡ ಹುದ್ದೆಯಾದ ಕಾನ್ಸಲ್ ಆದ, ಕಡಲೆಯ ಹೆಸರಲ್ಲೇ.

ಸಂಗಪ್ಪ ಹಳೇದಾಯಿತು ಅನ್ನಿಸಿದರೆ ಸಂಗಮೇಶ ಇಡಿ. ಎರಡೂ ಕೃಷ್ಣಾ, ಮಲಪ್ರಭಾ ಸೇರುವ ಕೂಡಲಸಂಗಮದ ಹೆಸರೇ. ನಮ್ಮ ಮನೆಯಲ್ಲಿ ಕಾಗದಕ್ಕೆ ಸಂಗಮೇಶ, ಕೂಗೋದಕ್ಕೆ ಸಂಗಪ್ಪ. ಇನ್ನು ಉಳ್ಳಾಗಡ್ಡಿ ಹೇಗೆ ಬಂತು ಅಂತ ಮಾವನವರನ್ನೇ ಒಮ್ಮೆ ಕೇಳಿ ನೋಡಿ.

ಕೇಳಿದವರು:
ಕೇಳಿದೆ! ಮಾವನವರ ಅಜ್ಜ ಚಕ್ಕಡಿ ತುಂಬ ಉಳ್ಳಾಗಡ್ಡಿ ಹೇರಿಕೊಂಡು ಸಂತೆಗೆ ಹೋಗುತ್ತಿದ್ದರಂತೆ. ಜನ ಹಾಗೇ ಕರೆದು ಕರೆದು, ಶಾಲೆಯಲ್ಲಿ ಮಾಸ್ತರರು ಅದನ್ನೇ ಬರೆದುಕೊಂಡರಂತೆ. ಅದಕ್ಕೂ ಮುಂಚೆ ಮನೆತನ ‘ಮೇಟಿ’. ಇದನ್ನು ಹೇಳಿ ಮಾವನವರು ತಾವೇ ಸುಮ್ಮನಾದರು. ಹೆಸರು ಸಂಗಮೇಶ, ಅದಕ್ಕೆ ಅತ್ತೆಯವರೂ ಒಪ್ಪಿದ್ದಾರೆ. ಈಗ ಯಜಮಾನರು ‘ಹಂಗಾದ್ರ ಮೇಟಿ ಅಂತಲೇ ಬರೆಸೋಣ’ ಅನ್ನುತ್ತಿದ್ದಾರೆ. ಅಪ್ಪ ಉಳ್ಳಾಗಡ್ಡಿ, ಮಗ ಮೇಟಿ! ಗೋಕಾಕದ ಅಣ್ಣಾರ, ಇದಕ್ಕೆ ಎಷ್ಟು ಅಫಿಡವಿಟ್ ಬೇಕಾಗಬಹುದು?