ಪಕ್ಕದ ರೊಪ್ಪದಲ್ಲಿ ಮರಿ ಉಳಿಯುತ್ತವೆ, ನಮ್ಮಲ್ಲಿ ಯಾಕೆ ಸಾಯುತ್ತವೆ?

ಪ್ರಶ್ನೆ (ಚಳ್ಳಕೆರೆ ಕಡೆಯ ಕುರಿ ಸಾಕಣೆದಾರರು):
ಡಾಕ್ಟ್ರೇ ನಮಸ್ಕಾರ. ನಮ್ಮ ಹತ್ತಿರ 60 ತಾಯಿ ಕುರಿ ಇವೆ. ಹೋದ ಸಲ 52 ಈದವು, ಒಂದು ಅವಳಿ ಸೇರಿ 53 ಮರಿ. ಅದರಲ್ಲಿ 17 ಸತ್ತು, ಮೂರು ತಿಂಗಳಿಗೆ ಉಳಿದಿದ್ದು 36. ಪಕ್ಕದ ರೊಪ್ಪದ ಅಣ್ಣನ ಹತ್ತಿರ ಇರುವುದೇ 40 ಕುರಿ. 33 ಈದು 34 ಮರಿ ಆದವು, ಸತ್ತಿದ್ದು ಮೂರೇ. ಇಬ್ಬರದೂ ಒಂದೇ ಬಯಲು, ಒಂದೇ ಕೆರೆ ನೀರು. ಟಗರು ಸರಿ ಇಲ್ಲ ಅಂತ ಮನೆಯಲ್ಲಿ ಹೇಳುತ್ತಾರೆ. ಸಾಲ ಮಾಡಿ ಒಳ್ಳೆ ಟಗರು ತರಲಾ?

ಉತ್ತರ (ಪಶುವೈದ್ಯರು):
ಸದ್ಯಕ್ಕೆ ಬೇಡ. ಮೊದಲು ಎರಡೂ ಮಂದೆಯ ಲೆಕ್ಕವನ್ನು ನೂರು ಕುರಿಗೆ ಇಷ್ಟು ಅಂತ ಮಾಡಿ ನೋಡೋಣ. ನಿಮ್ಮಲ್ಲಿ ನೂರಕ್ಕೆ ಸುಮಾರು 87 ಈದಿವೆ, ಅವರಲ್ಲಿ 82–83. ಗಬ್ಬ ಕಟ್ಟಿಸುವುದರಲ್ಲಿ ನಿಮ್ಮ ಟಗರು ಹಿಂದೆ ಬಿದ್ದಿಲ್ಲ, ಸ್ವಲ್ಪ ಮುಂದೇ ಇದೆ. ಆದರೆ ಹುಟ್ಟಿದ ನೂರು ಮರಿಯಲ್ಲಿ ನಿಮ್ಮಲ್ಲಿ 32 ಸಾಯುತ್ತಿವೆ, ಅವರಲ್ಲಿ 9. ಕೊನೆಗೆ ನೂರು ತಾಯಿಗೆ ನಿಮಗೆ ಕೈಗೆ ಸಿಗುವುದು 60 ಮರಿ, ಅವರಿಗೆ 77ಕ್ಕೂ ಜಾಸ್ತಿ. ಸೋರುತ್ತಿರುವುದು ಮರಿ ಹುಟ್ಟಿದ ಮೇಲೆ. ಹೊಸ ಟಗರು ತಂದರೆ ಅದು ನಿಲ್ಲುವುದಿಲ್ಲ.

ಈಗ ನನಗೆ ಬೇಕಾಗಿರುವುದು ಒಂದೇ: ಆ 17 ಮರಿ ಎಷ್ಟು ದಿನದವು ಇದ್ದಾಗ ಸತ್ತವು?

ಪ್ರಶ್ನೆ:
ಹೆಚ್ಚಿನವು ವಾರದೊಳಗೇ ಸರ್. ಹುಟ್ಟುವಾಗಲೇ ಸಣ್ಣಗಿದ್ದವು, ಎದ್ದು ಹಾಲು ಕುಡಿಯಲಿಲ್ಲ.

ಉತ್ತರ:
ಹಾಗಾದರೆ ತಾಯಿಯ ಮೇವನ್ನು ನೋಡಬೇಕು. ಕುರಿ ಸುಮಾರು ಐದು ತಿಂಗಳು ಗಬ್ಬ ಇರುತ್ತದೆ. ಹೊಟ್ಟೆಯಲ್ಲಿ ಮರಿ ಮೈ ತುಂಬಿಕೊಳ್ಳುವುದು ಹೆಚ್ಚಾಗಿ ಕೊನೆಯ ಆರು ವಾರದಲ್ಲಿ. ನಮ್ಮ ಕಡೆ ಬಯಲು ಒಣಗಿರುವಾಗಲೇ ಆ ಆರು ವಾರ ಬಂದರೆ ತಾಯಿ ಬಡಕಲಾಗುತ್ತದೆ. ಮರಿಗೆ ಕಸುವಿಲ್ಲ, ಕೆಚ್ಚಲಲ್ಲಿ ಹಾಲೂ ಇಲ್ಲ. ಪಕ್ಕದ ಅಣ್ಣನನ್ನು ಕೇಳಿ. ಆ ಹೊತ್ತಿನಲ್ಲಿ ಸಂಜೆ ರೊಪ್ಪಕ್ಕೆ ಬಂದ ಮೇಲೆ ಅವರು ಶೇಂಗಾ ಹೊಟ್ಟು, ಹಿಂಡಿ, ಜೋಳ ಏನಾದರೂ ಹಾಕುತ್ತಾರಾ? ಹೋಲಿಸಿ ನೋಡುವುದರ ನಿಜವಾದ ಲಾಭ ಇಲ್ಲಿದೆ. ಅಂಕಿ ನೋಡಿ ಸುಮ್ನೆ ಕೂತರೆ ಏನೂ ಬದಲಾಗುವುದಿಲ್ಲ. ಅವರು ದಿನಾ ಏನು ಮಾಡುತ್ತಾರೆ ಅಂತ ರೊಪ್ಪಕ್ಕೇ ಹೋಗಿ ನೋಡಿ.

ಈದ ಒಂದೆರಡು ಗಂಟೆಯೊಳಗೆ ಮರಿಗೆ ಗಿಣ್ಣು ಹಾಲು ಕುಡಿಸಿ, ಹೊಕ್ಕುಳಿಗೆ ಅಯೋಡಿನ್ ಹಚ್ಚಿ. ಈಯುವುದಕ್ಕೆ ಒಂದು ತಿಂಗಳು ಮುಂಚೆ ತಾಯಿಗೆ ಕರುಳುಬೇನೆ ಲಸಿಕೆ ಹಾಕಿಸಿದರೆ ಅದರ ರಕ್ಷಣೆ ಗಿಣ್ಣಿನ ಮೂಲಕ ಮರಿಗೂ ಸಿಗುತ್ತದೆ.

ಟಗರಿನ ತಳಿ ನೋಡಲೇಬೇಕು ಅಂದರೆ ಉಳಿದ ಮರಿಗಳನ್ನು ಸರಿಯಾಗಿ ಮೂರು ತಿಂಗಳಿಗೆ ತೂಗಿ. ಎರಡೂ ರೊಪ್ಪದ ಮರಿಗಳಿಗೆ ಒಂದೇ ವಯಸ್ಸು ಇರಬೇಕು. ಮೇವು ಒಂದೇ ಇದ್ದೂ ನಿಮ್ಮ ಮರಿ ತೂಕದಲ್ಲಿ ಹಿಂದೆ ಬಿದ್ದರೆ ಆಗ ಟಗರಿನ ಮಾತು ಆಡೋಣ.

ಪ್ರಶ್ನೆ (ಹಿರಿಯೂರಿನಿಂದ ಇನ್ನೊಬ್ಬರು):
ನಮ್ಮದು ವಲಸೆ ಮಂದೆ ಸರ್. ಯೂಟ್ಯೂಬ್‌ನಲ್ಲಿ ಡಾರ್ಪರ್ ಅನ್ನೋ ವಿದೇಶಿ ತಳಿಯ ಮರಿ ಬೆಳೆಯುವುದು ನೋಡಿದರೆ ನಮ್ಮವು ಏನೂ ಅಲ್ಲ ಅನಿಸುತ್ತದೆ.

ಉತ್ತರ:
ಶೆಡ್‌ನಲ್ಲಿ ಕಟ್ಟಿ ಕಾಳು ತಿನ್ನಿಸಿದ ಮರಿಯ ಜೊತೆ ದಿನವಿಡೀ ನಡೆಯುವ ಮರಿಯನ್ನು ಇಡಬೇಡಿ ಅಣ್ಣ. ಅದು ಅನ್ಯಾಯ ಅಲ್ವಾ? ನಿಮ್ಮ ಹಾಗೇ ಅದೇ ಹಾದಿಯಲ್ಲಿ ಹೋಗುವ ಇನ್ನೆರಡು ಮೂರು ಮಂದೆಯವರು ಸೇರಿಕೊಳ್ಳಿ. ಟಗರು ಬಿಟ್ಟಾಗ ಎಷ್ಟು ಕುರಿ, ಎಷ್ಟು ಈದವು, ಮರಿ ಸತ್ತರೆ ಯಾವತ್ತು. ಇಷ್ಟನ್ನು ಒಂದು ಚಿಕ್ಕ ಪುಸ್ತಕದಲ್ಲಿ ಬರೆಯಿರಿ. ಕಿವಿಗೆ ಹಾಕುವ ನಂಬರ್ ಓಲೆ ಇಲ್ಲದಿದ್ದರೆ ಆಯಾ ವಾರ ಹುಟ್ಟಿದ ಮರಿಗಳಿಗೆ ಒಂದೊಂದು ಬಣ್ಣದ ಗುರುತು ಹಾಕಿ. ವಯಸ್ಸು ತಿಳಿಯಲು ಅಷ್ಟು ಸಾಕು.