ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದರೆ ಜಿಪಿಎಸ್ ವಾಚು ಏರಿಕೆಯನ್ನು ದುಪ್ಪಟ್ಟು ತೋರಿಸುತ್ತಿದೆ, ದಯವಿಟ್ಟು ಪರಿಹಾರ ತಿಳಿಸಿ

ಪಾದದಿಂದ ತುದಿಗೆ (ಭಾನುವಾರ, ಬೆಳಿಗ್ಗೆ 9.40)

ಎಲ್ಲರಿಗೂ ನಮಸ್ಕಾರ. ಎರಡು ವಾರಗಳಿಂದ ಈ ವಾಚಿನೊಂದಿಗೆ ಹೆಣಗಿ ಸಾಕಾಗಿಹೋಗಿದೆ. ವಾರದಲ್ಲಿ ನಾಲ್ಕು ದಿನ ಬೆಳಗಿನ ಐದೂವರೆಗೆ ಪಾದದಿಂದ ಹೊರಟು, ಮೆಟ್ಟಿಲು ಹತ್ತಿ, ದೇವಸ್ಥಾನದ ಮುಂದೆ ಕೈಮುಗಿದು, ಅದೇ ಮೆಟ್ಟಿಲಲ್ಲಿ ಇಳಿದು ಬರುವುದು ನನ್ನ ರೂಢಿ. ಮೊದಲ ಮೂರು ತಿಂಗಳು ಒಟ್ಟು ಏರಿಕೆ ಪ್ರತಿ ಸಲವೂ 240ರಿಂದ 260 ಮೀಟರ್ ಒಳಗೇ ಬರುತ್ತಿತ್ತು. ಈಗ ಒಂದು ದಿನ 430, ಮರುದಿನ 510, ಮೊನ್ನೆ 388. ಬೆಟ್ಟ ಅದೇ, ಮೆಟ್ಟಿಲು ಅದೇ, ನಾನೂ ಅವನೇ. ರೀಸೆಟ್ ಮಾಡಿದ್ದೇನೆ, ಅಪ್‌ಡೇಟ್ ಮಾಡಿದ್ದೇನೆ. ಸರ್ವಿಸ್ ಸೆಂಟರಿನವರು ಒಂದು ವಾರ ಇಟ್ಟುಕೊಂಡು, ವಾಚಿನಲ್ಲಿ ದೋಷವೇನೂ ಇಲ್ಲ ಎಂದು ಚೀಟಿ ಬರೆದು ವಾಪಸ್ ಕೊಟ್ಟರು. ಬರುವ ಚಾರಣದ ಹೊತ್ತಿಗೆ ಕುಮಾರಪರ್ವತಕ್ಕೆ ಹೋಗಬೇಕೆಂದು ಈ ಏರಿಕೆಯ ಲೆಕ್ಕವನ್ನೇ ನಂಬಿಕೊಂಡು ತಯಾರಿ ನಡೆಸುತ್ತಿರುವವನು ನಾನು. ಸಂಖ್ಯೆಯನ್ನೇ ನಂಬಲಾಗದಿದ್ದರೆ ಏನು ಮಾಡಬೇಕು?

ಕಾರಂಜಿ ಓಟಗಾರ (ಭಾನುವಾರ, 10.05)

ಇದು ಉಪಗ್ರಹದ ಸಮಸ್ಯೆ ಸರ್, ಸಂಶಯವೇ ಬೇಡ. ಮೆಟ್ಟಿಲುದಾರಿಯ ಇಕ್ಕೆಲಗಳಲ್ಲೂ ಮರಗಳಿವೆ, ಒಂದು ಪಕ್ಕಕ್ಕೆ ಬಂಡೆ ಇದೆ. ಬಂಡೆಗೆ ಬಡಿದು ಬರುವ ಸಂಕೇತ ನೇರವಾಗಿ ಬಂದದ್ದಕ್ಕಿಂತ ತಡವಾಗಿ ತಲಪುವುದರಿಂದ ವಾಚು ತಾನಿರುವ ಜಾಗವನ್ನು ತಪ್ಪಾಗಿ ಎಣಿಸುತ್ತದೆ. ಅದರಲ್ಲಿಯೂ ಎತ್ತರದ ತಪ್ಪು ಅಡ್ಡಲಾಗಿ ಆಗುವ ತಪ್ಪಿಗಿಂತ ಸಾಮಾನ್ಯವಾಗಿ ಹೆಚ್ಚು, ಏಕೆಂದರೆ ಉಪಗ್ರಹಗಳೆಲ್ಲ ನಮ್ಮ ತಲೆಯ ಮೇಲೆಯೇ ಇರುತ್ತವೆ, ಕಾಲಿನ ಕೆಳಗೆ ಒಂದೂ ಇರುವುದಿಲ್ಲ. ಸೆಟ್ಟಿಂಗಿನಲ್ಲಿ ಜಿಪಿಎಸ್ ಜೊತೆಗೆ ಯುರೋಪಿನ ಗೆಲಿಲಿಯೊ, ರಷ್ಯಾದ ಗ್ಲೋನಾಸ್ ಉಪಗ್ರಹಗಳೆಲ್ಲವನ್ನೂ ಹಾಕಿಕೊಳ್ಳಿ. ವಾಚು ಉಪಗ್ರಹ ಸಂಕೇತದ ಎರಡು ಬ್ಯಾಂಡ್ (ಆವರ್ತನ) ಹಿಡಿಯುವಂಥದ್ದಾದರೆ, ಅಂದರೆ 1575.42 ಮೆಗಾಹರ್ಟ್ಸ್‌ನ ಎಲ್1 ಜೊತೆಗೆ 1176.45ರ ಎಲ್5 ಕೂಡ ಇದ್ದರೆ, ಅದನ್ನೂ ತೆರೆಯಿರಿ. ಹೊರಡುವ ಮೊದಲು ಫೋನಿಗೆ ಸಿಂಕ್ ಮಾಡಿ, ಪಾದದಲ್ಲಿ ಮೂರು ನಿಮಿಷ ಬಯಲಿನಲ್ಲಿ ನಿಂತು ಆಮೇಲೆ ಸ್ಟಾರ್ಟ್ ಒತ್ತಿ.

ಫ್ರೆಂಚ್‌ರಾಕ್ಸ್ (ಭಾನುವಾರ, 11.30)

ಮೊದಲು ಕೆಲವು ವಿವರಗಳು ಬೇಕು. ದೂರಿನಲ್ಲಿ ಕಂಪನಿಯ ಹೆಸರು ಹಾಕಬಾರದೆಂಬ ನಮ್ಮ ಬಳಗದ ನಿಯಮ ನನಗೂ ಗೊತ್ತು, ಹೆಸರು ಬೇಡ. ಆದರೆ ಈ ವಾಚಿನಲ್ಲಿ ಬ್ಯಾರೋಮೀಟರ್ ಇದೆಯೋ ಇಲ್ಲವೋ ಎಂಬುದನ್ನು ತಿಳಿಸಿ. ಇದ್ದರೆ ಉಪಗ್ರಹದ ಚರ್ಚೆ ಇಲ್ಲಿ ಬಹುಮಟ್ಟಿಗೆ ಅನಗತ್ಯ, ಏಕೆಂದರೆ ಅಂಥ ವಾಚುಗಳು ಏರಿಕೆಯನ್ನು ಗಾಳಿಯ ಒತ್ತಡದಿಂದ ಲೆಕ್ಕ ಹಾಕುತ್ತವೆ, ಉಪಗ್ರಹದ ಎತ್ತರವನ್ನು ಮುಖ್ಯವಾಗಿ ಸರಿಹೊಂದಿಸಿಕೊಳ್ಳಲು ಬಳಸುತ್ತವೆ. ಎತ್ತರದ ಗ್ರಾಫಿನ ಚಿತ್ರವನ್ನೂ ಹಾಕಿ.

ಪಾದದಿಂದ ತುದಿಗೆ (ಭಾನುವಾರ, ಸಂಜೆ 6.15)

ಬ್ಯಾರೋಮೀಟರ್ ಇದೆ. ಒಂದೇ ಬ್ಯಾಂಡ್. ಗ್ರಾಫ್ ನಾಳೆ ಹಾಕುತ್ತೇನೆ, ಮೊದಲು ಕಾರಂಜಿ ಸರ್ ಹೇಳಿದ್ದನ್ನು ಮಾಡಿ ನೋಡುತ್ತೇನೆ.

ಕಾರಂಜಿ ಓಟಗಾರ (ಭಾನುವಾರ, ಸಂಜೆ 6.50)

ಮಾಡಿ ನೋಡಿ ಸರ್, ಗುಣ ಕಾಣುತ್ತದೆ. ಪ್ರತಿ ಸೆಕೆಂಡಿಗೆ ದಾಖಲಿಸುವಂತೆಯೂ ಬದಲಾಯಿಸಿಕೊಳ್ಳಿ. ನಾನು ಕಾರಂಜಿ ಕೆರೆಯ ಸುತ್ತ ಎರಡು ಬ್ಯಾಂಡಿನ ವಾಚಿನಲ್ಲಿ ಓಡಿದ ಗೆರೆ ಕಾಲುದಾರಿಯಿಂದ ಹೆಚ್ಚೇನೂ ಆಚೀಚೆ ಆಗಿಲ್ಲ. ಅದರ ಜೊತೆಗೆ ಹೃದಯಬಡಿತ ಅಳೆಯುವ ಎದೆಪಟ್ಟಿ ಕಟ್ಟಿಕೊಳ್ಳುತ್ತೇನೆ, ಶೂಗೆ ಸೆನ್ಸರ್ ಹಾಕಿದ್ದೇನೆ, ಹೀಗಾಗಿ ಮರದಡಿಯಲ್ಲೂ ವೇಗ ತಪ್ಪುವುದಿಲ್ಲ.

ಮಂಡ್ಯದ ಮೇಷ್ಟ್ರು (ಸೋಮವಾರ, ಬೆಳಿಗ್ಗೆ 7.20)

ಇಲ್ಲಿ ಇನ್ನೊಂದು ಮುಖ್ಯ ಸಂಗತಿಯನ್ನು ಹೇಳಬೇಕು. ಉಪಗ್ರಹ ಕೊಡುವ ಎತ್ತರ ಸಮುದ್ರಮಟ್ಟದಿಂದ ಅಳೆದದ್ದಲ್ಲ, ಭೂಮಿಯನ್ನು ನುಣುಪಾದ ದೀರ್ಘಗೋಳವೆಂದು ಇಟ್ಟುಕೊಂಡು ಅದರ ಮೇಲಿನಿಂದ ಅಳೆದದ್ದು. ದಕ್ಷಿಣ ಭಾರತದಲ್ಲಿ ಗುರುತ್ವ ಕಡಿಮೆಯಾಗಿರುವುದರಿಂದ ನಿಜವಾದ ಸಮುದ್ರಮಟ್ಟ ಆ ಗೋಳಕ್ಕಿಂತ 80 ಮೀಟರ್‌ಗೂ ಹೆಚ್ಚು ಕೆಳಗಿದೆ. ಈ ತಿದ್ದುಪಡಿ ಮಾಡದ ಸಾಧನ ಮೈಸೂರಿನ ಎತ್ತರವನ್ನು ಅಷ್ಟು ಕಡಿಮೆಯೇ ತೋರಿಸುತ್ತದೆ. ಜೊತೆಗೆ, ನಮ್ಮ ಉಷ್ಣವಲಯದಲ್ಲಿ ಗಾಳಿಯೊತ್ತಡ ದಿನಕ್ಕೆ ಎರಡು ಬಾರಿ ಏರಿಳಿಯುತ್ತದೆ. ಬೆಳಿಗ್ಗೆ ಮತ್ತು ರಾತ್ರಿ ಹತ್ತು ಗಂಟೆಯ ಸುಮಾರಿಗೆ ಹೆಚ್ಚು, ಬೆಳಗಿನ ಜಾವ ಮತ್ತು ಸಂಜೆ ನಾಲ್ಕರ ಸುಮಾರಿಗೆ ಕಡಿಮೆ. ಮೇಜಿನ ಮೇಲಿಟ್ಟ ವಾಚು ಸಂಜೆಯ ಹೊತ್ತಿಗೆ ಇಪ್ಪತ್ತು ಮೂವತ್ತು ಮೀಟರ್ ಮೇಲೇರಿದಂತೆ ತೋರಿಸುವುದು ಇದರಿಂದಲೇ.

ಫ್ರೆಂಚ್‌ರಾಕ್ಸ್ (ಸೋಮವಾರ, 8.10)

ಮೇಷ್ಟ್ರೇ, ತಾವು ಹೇಳಿದ ಎರಡೂ ಸತ್ಯ, ಆದರೆ ಈ ತೊಂದರೆಗೆ ಎರಡೂ ಹೊಂದುವುದಿಲ್ಲ. 80 ಮೀಟರ್ ವ್ಯತ್ಯಾಸ ಪಾದದಲ್ಲೂ ಇರುತ್ತದೆ, ತುದಿಯಲ್ಲೂ ಇರುತ್ತದೆ, ಕಳೆದಾಗ ಹೊರಟುಹೋಗುತ್ತದೆ. ಇನ್ನು ಒತ್ತಡದ ಏರಿಳಿತದ ಮಾತು. ಇವರು ಹತ್ತುವುದು ಐದೂವರೆಗೆ, ಆಗ ಒತ್ತಡ ನಿಧಾನವಾಗಿ ಹೆಚ್ಚುತ್ತಿರುತ್ತದೆ, ಒತ್ತಡ ಹೆಚ್ಚಿದರೆ ವಾಚು ಎತ್ತರವನ್ನು ಕಡಿಮೆ ತೋರಿಸಬೇಕೇ ಹೊರತು ಹೆಚ್ಚಲ್ಲ. ಅದೂ ಗಂಟೆಗೆ ಐದಾರು ಮೀಟರ್ ಮಾತ್ರ. ಇವರ ವಾಚಿನಲ್ಲಿ ಬಂದಿರುವುದು ಇನ್ನೂರೈವತ್ತು ಮೀಟರ್ ಹೆಚ್ಚುವರಿ.

ಮಂಡ್ಯದ ಮೇಷ್ಟ್ರು (ಸೋಮವಾರ, 8.45)

ಒಪ್ಪಿದೆ. ಆದರೂ ಒಬ್ಬೊಬ್ಬರು ಬೆಟ್ಟಕ್ಕೆ ಒಂದೊಂದು ಎತ್ತರ ಹೇಳುತ್ತಾರಲ್ಲ, ಅದಕ್ಕೆ ಕಾರಣ ಇದೇ ಎಂದು ದಾಖಲೆಗಾಗಿ ಬರೆದೆ.

ಪಾದದಿಂದ ತುದಿಗೆ (ಬುಧವಾರ, ಬೆಳಿಗ್ಗೆ 8.30)

ಎಲ್ಲ ಉಪಗ್ರಹಗಳನ್ನೂ ಹಾಕಿಕೊಂಡು, ಪಾದದಲ್ಲಿ ಐದು ನಿಮಿಷ ನಿಂತು, ಎರಡು ದಿನ ಹತ್ತಿದೆ. ನಿನ್ನೆ 462, ಇಂದು 405. ಬ್ಯಾಟರಿ ಮಾತ್ರ ಬೇಗ ಇಳಿಯಿತು. ಗ್ರಾಫ್ ಹಾಕಿದ್ದೇನೆ.

ಕಾರಂಜಿ ಓಟಗಾರ (ಬುಧವಾರ, 9.00)

462ರಿಂದ 405ಕ್ಕೆ ಬಂದಿದೆ ಎಂದರೆ ಸರಿಹೋಗುತ್ತಿದೆ ಎಂದೇ ಅರ್ಥ. ಇನ್ನೊಂದು ವಾರ ಬಿಡದೆ ಮಾಡಿ. ಸಾಧ್ಯವಾದರೆ ಎರಡು ಬ್ಯಾಂಡಿನ ವಾಚಿಗೆ ಬದಲಾಯಿಸಿಕೊಳ್ಳುವುದೇ ಶಾಶ್ವತ ಪರಿಹಾರ. ಅಲ್ಲಿಯವರೆಗೆ, ಅಪ್‌ಲೋಡ್ ಮಾಡಿದ ಮೇಲೆ ಎತ್ತರವನ್ನು ನಕ್ಷೆಯಿಂದ ತಿದ್ದುವ ಆಯ್ಕೆ ಇದೆಯಲ್ಲ, ಅದನ್ನು ಒತ್ತಿದರೆ ಸರಿಯಾದ ಸಂಖ್ಯೆ ಬರುತ್ತದೆ.

ಫ್ರೆಂಚ್‌ರಾಕ್ಸ್ (ಬುಧವಾರ, 9.40)

ಕಾರಂಜಿಯವರೇ, ದಯವಿಟ್ಟು ಒಮ್ಮೆ ಗ್ರಾಫ್ ನೋಡಿ. ಹೊಸ ವಾಚು ಕೊಳ್ಳಿ ಎಂದು ಹೇಳುವ ಮೊದಲು ಇರುವ ವಾಚಿನ ಮಾತು ಕೇಳೋಣ. ನಕ್ಷೆಯಿಂದ ತಿದ್ದಿದರೆ ಸಂಖ್ಯೆ ಅಂದವಾಗುತ್ತದೆ, ಕಾಯಿಲೆ ಹಾಗೆಯೇ ಉಳಿಯುತ್ತದೆ. ಅಂಥ ನಕ್ಷೆಗಳಲ್ಲಿ ಹಲವಕ್ಕೆ ಆಧಾರವಾದ, 2000ನೇ ಇಸವಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ಅಳೆದ ಎತ್ತರಗಳು 30 ಮೀಟರ್ ಚೌಕಕ್ಕೆ ಒಂದರಂತೆ ಇವೆ, ನಮ್ಮ ಪಾಂಡವಪುರದ ಕುಂತಿಬೆಟ್ಟದ ಬಂಡೆಗಳ ನಡುವೆ ಆ ಚೌಕವನ್ನು ನಂಬಿದರೆ ಬಂಡೆಯೇ ಇಲ್ಲವಾಗುತ್ತದೆ.

ಗ್ರಾಫಿನಲ್ಲಿ ನನಗೆ ಎರಡು ಸಂಗತಿಗಳು ಕಾಣುತ್ತಿವೆ. ಮೊದಲನೆಯದು, ಗೆರೆ ಗರಗಸದ ಹಲ್ಲಿನಂತಿದೆ. ಎಂಟು ಮೀಟರ್ ಏರಿ ಆರು ಇಳಿಯುತ್ತದೆ, ಮತ್ತೆ ಒಂಬತ್ತು ಏರುತ್ತದೆ. ಇಳಿದದ್ದನ್ನು ಕಳೆಯದೆ ಏರಿದ್ದನ್ನಷ್ಟೇ ಕೂಡುತ್ತಾ ಹೋಗುವುದೇ ಒಟ್ಟು ಏರಿಕೆಯ ಲೆಕ್ಕವಾದ್ದರಿಂದ ಈ ಹಲ್ಲುಗಳೆಲ್ಲ ಸೇರಿ ಇನ್ನೊಂದು ಬೆಟ್ಟವೇ ಆಗಿಬಿಟ್ಟಿದೆ. ಎರಡನೆಯದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. 6.02ರಿಂದ 6.11ರವರೆಗೆ ನಕ್ಷೆಯಲ್ಲಿ ನೀವು ನಂದಿಯ ಬಳಿ ಅಲುಗಾಡದೆ ಕುಳಿತಿದ್ದೀರಿ. ಆ ಒಂಬತ್ತು ನಿಮಿಷಗಳಲ್ಲಿ ವಾಚು ನಿಧಾನವಾಗಿ 18 ಮೀಟರ್ ಏರಿದೆ. ಕುಳಿತವನು ಏರುವುದೆಂದರೆ, ಹತ್ತಿಬಂದ ಎತ್ತರದ ಗಾಳಿ ವಾಚಿನ ಒಳಕ್ಕೆ ಆಗ ತಡವಾಗಿ ತಲಪುತ್ತಿದೆ ಎಂದರ್ಥ. ಬ್ಯಾರೋಮೀಟರಿನ ರಂಧ್ರಕ್ಕೆ ಏನೋ ಅಡ್ಡ ಬಂದಿದೆ. ಉದ್ದ ತೋಳಿನ ಅಂಗಿ ಅಥವಾ ಜಾಕೆಟ್ಟಿನ ಒಳಗೆ ವಾಚು ಇರುತ್ತದೆಯೇ?

ಪಾದದಿಂದ ತುದಿಗೆ (ಬುಧವಾರ, ಮಧ್ಯಾಹ್ನ 1.20)

ಇಲ್ಲ ಸರ್, ಅರ್ಧ ತೋಳಿನ ಬನಿಯನ್ ಮಾತ್ರ. ವಾಚು ಬರಿಯ ಮಣಿಕಟ್ಟಿನ ಮೇಲೆಯೇ ಇರುತ್ತದೆ. ನಂದಿಯ ಬಳಿ ಕುಳಿತಾಗ ತೆಗೆದ ಫೋಟೊ ಹಾಕಿದ್ದೇನೆ, ನೋಡಿ.

ಕುಕ್ಕರಹಳ್ಳಿ ಬೆಳಗು (ಬುಧವಾರ, ಮಧ್ಯಾಹ್ನ 2.05)

ಸರ್, ಫೋಟೊದಲ್ಲಿ ವಾಚಿನ ಸುತ್ತ ಕಪ್ಪು ಸಿಲಿಕೋನ್ ಕವರ್ ಇದೆಯಲ್ಲ, ಅದನ್ನು ಯಾವಾಗ ಹಾಕಿದಿರಿ?

ಪಾದದಿಂದ ತುದಿಗೆ (ಬುಧವಾರ, ಮಧ್ಯಾಹ್ನ 2.30)

ಸುಮಾರು ಎರಡೂವರೆ ವಾರ ಆಗಿರಬೇಕು ಮೇಡಂ. ಕುಂತಿಬೆಟ್ಟದಲ್ಲಿ ಬಂಡೆಗೆ ತಗುಲಿ ಅಂಚು ಗೀರಿತು, ಮನಸ್ಸಿಗೆ ಬಹಳ ನೋವಾಗಿ ಮರುದಿನವೇ ದೇವರಾಜ ಅರಸು ರಸ್ತೆಯಲ್ಲಿ ಕವರ್ ಕೊಂಡು ಹಾಕಿದೆ. ಅದನ್ನು ಹೇಳುವ ಅಗತ್ಯವಿದೆ ಎಂದು ನನಗೆ ತೋರಲಿಲ್ಲ. ಸರ್ವಿಸ್ ಸೆಂಟರಿಗೆ ಕೊಡುವಾಗ ಕವರ್ ಬಿಚ್ಚಿ ಮನೆಯಲ್ಲಿಟ್ಟು ಹೋಗಿದ್ದೆ.

ಕುಕ್ಕರಹಳ್ಳಿ ಬೆಳಗು (ಬುಧವಾರ, ಮಧ್ಯಾಹ್ನ 3.10)

ಹಾಗಿದ್ದರೆ ಅವರಿಗೆ ದೋಷ ಸಿಗದಿದ್ದುದರಲ್ಲಿ ಆಶ್ಚರ್ಯವಿಲ್ಲ. ನಿಮ್ಮ ವಾಚಿನ ಎಡ ಅಂಚಿನಲ್ಲಿ, ಎರಡು ಗುಂಡಿಗಳ ನಡುವೆ, ಸಾಸಿವೆಗಿಂತ ಸಣ್ಣದಾದ ಮೂರು ರಂಧ್ರಗಳಿರಬೇಕು, ನೋಡಿ. ಕವರಿನಲ್ಲಿ ಆ ಜಾಗಕ್ಕೆ ತೂತು ಬಿಟ್ಟಿರುವುದಿಲ್ಲ. ಹತ್ತುವಾಗ ಬೆವರು ಇಳಿದು ಕವರಿಗೂ ವಾಚಿಗೂ ನಡುವೆ ನೀರಿನ ಪೊರೆಯಂತೆ ಕೂತು ಒಳಗಿನ ಗಾಳಿಯನ್ನು ಹಿಡಿದಿಡುತ್ತದೆ. ಕೈ ಮಡಿಸಿದಾಗಲೆಲ್ಲ ಸಿಲಿಕೋನ್ ಅಮುಕಿ ಒತ್ತಡ ಹೆಚ್ಚುತ್ತದೆ, ಬಿಟ್ಟಾಗ ಇಳಿಯುತ್ತದೆ. ನಮ್ಮ ಎತ್ತರದಲ್ಲಿ ಒಂದು ಮಿಲಿಬಾರ್ ಎಂದರೆ ಸುಮಾರು ಒಂಬತ್ತು ಮೀಟರ್, ನೀವು ತೋರಿಸಿದ ಗರಗಸದ ಹಲ್ಲಿನ ಅಳತೆಯೂ ಅಷ್ಟೇ ಇದೆ.

ಮನೆಯಲ್ಲೇ ಖಚಿತಪಡಿಸಿಕೊಳ್ಳಬಹುದು. ಕವರ್ ಬಿಚ್ಚಿ, ವಾಚನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಸಮೇತ ಮುಚ್ಚಿ, ಎತ್ತರದ ಪರದೆ ತೆರೆದಿಟ್ಟು ಚೀಲವನ್ನು ಅಂಗೈಯಿಂದ ಮೆಲ್ಲಗೆ ಒತ್ತಿ ನೋಡಿ. ಕುಳಿತಲ್ಲೇ ಹತ್ತಾರು ಮೀಟರ್ ಇಳಿಯುತ್ತೀರಿ. ಆಮೇಲೆ ವಾಚನ್ನು ಉಗುರುಬೆಚ್ಚಗಿನ ನೀರಿನಲ್ಲಿ ಒಂದು ಹನಿ ಪಾತ್ರೆ ಸೋಪು ಹಾಕಿ ತೊಳೆದು ನೆರಳಿನಲ್ಲಿ ಒಣಗಿಸಿ. ರಂಧ್ರಕ್ಕೆ ಪಿನ್ನು, ಸೂಜಿ, ಕಿವಿಕಡ್ಡಿ ಯಾವುದನ್ನೂ ಹಾಕಬೇಡಿ, ಒಳಗೆ ಇರುವ ತೆಳುವಾದ ಪೊರೆ ಹರಿದರೆ ನೀರು ಒಳಗಿಳಿದು ವಾಚೇ ಹೋಗುತ್ತದೆ.

ಕಾರಂಜಿ ಓಟಗಾರ (ಬುಧವಾರ, ಸಂಜೆ 5.00)

ಕವರ್ ಉಪಗ್ರಹದ ಸಂಕೇತವನ್ನೂ ತಡೆಯಬಹುದು ಎಂಬುದನ್ನು ಮರೆಯಬಾರದು.

ಫ್ರೆಂಚ್‌ರಾಕ್ಸ್ (ಬುಧವಾರ, ಸಂಜೆ 5.25)

ತೆಳುವಾದ ಸಿಲಿಕೋನ್ ರೇಡಿಯೊ ಸಂಕೇತಕ್ಕೆ ಹೇಳಿಕೊಳ್ಳುವಂಥ ಅಡ್ಡಿಯಲ್ಲ, ಲೋಹದ ಕವರ್ ಆಗಿದ್ದರೆ ನಿಮ್ಮ ಮಾತನ್ನು ಒಪ್ಪುತ್ತಿದ್ದೆ.

ಪಾದದಿಂದ ತುದಿಗೆ (ಭಾನುವಾರ, ಬೆಳಿಗ್ಗೆ 8.50)

ಮೇಡಂ, ತಮಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಚೀಲದ ಪರೀಕ್ಷೆ ಮಾಡಿದೆ. ಊಟದ ಮೇಜಿನ ಮುಂದೆ ಕುಳಿತವನು ಅಂಗೈ ಒತ್ತಿದ ಕೂಡಲೇ 771ರಿಂದ 734 ಮೀಟರಿಗೆ ಇಳಿದೆ, ಕೈ ತೆಗೆದರೆ ಮತ್ತೆ ಮೇಲೆ. ಮನೆಯವರೆಲ್ಲ ಬಂದು ಒಬ್ಬೊಬ್ಬರೇ ಒತ್ತಿ ನೋಡಿದರು. ಕವರಿನ ಒಳಮೈ ನೋಡಿದಾಗ ರಂಧ್ರಗಳಿದ್ದ ಜಾಗಕ್ಕೆ ಸರಿಯಾಗಿ ಬೆವರಿನ ಉಪ್ಪು ಬಿಳಿಯ ಗೆರೆಯಾಗಿ ಕಟ್ಟಿಕೊಂಡಿತ್ತು. ತೊಳೆದು, ಕವರ್ ಇಲ್ಲದೆ ಮೂರು ದಿನ ಹತ್ತಿದೆ. 251, 247, 254. ನಂದಿಯ ಬಳಿ ಹತ್ತು ನಿಮಿಷ ಕುಳಿತರೂ ಗೆರೆ ನೆಟ್ಟಗೆ ಇತ್ತು.

ಆದರೆ ಬಂಡೆಯ ಮೇಲೆ ಬರಿಯ ವಾಚು ಕಟ್ಟಿಕೊಂಡು ಹೋಗಲು ಧೈರ್ಯ ಬರುತ್ತಿಲ್ಲ. ಆದ್ದರಿಂದ ಕವರನ್ನು ಬಿಚ್ಚಿಟ್ಟುಕೊಂಡು, ರಂಧ್ರಗಳ ಎದುರಿಗೆ ಬರುವ ಭಾಗವನ್ನು ಬ್ಲೇಡಿನಿಂದ ಒಂದು ಬೆರಳಗಲ ಕತ್ತರಿಸಿ ಮತ್ತೆ ಹಾಕಿದ್ದೇನೆ. ಇಂದು 258 ಬಂದಿದೆ. ಇದು ಸಾಕೇ, ಇನ್ನೂ ಅಗಲ ಮಾಡಬೇಕೇ?

ಕುಕ್ಕರಹಳ್ಳಿ ಬೆಳಗು (ಭಾನುವಾರ, 9.30)

ಒಂದು ದಿನದ ಲೆಕ್ಕದಿಂದ ಹೇಳಲಾಗದು. ಮಳೆ ಬಂದ ದಿನ ಹತ್ತಿ ನೋಡಿ, ನೀರು ಕವರಿನೊಳಗೆ ನಿಲ್ಲುತ್ತದೆಯೋ ಹರಿದುಹೋಗುತ್ತದೆಯೋ ಎಂಬುದು ಆಗ ತಿಳಿಯುತ್ತದೆ. ಪ್ರತಿ ಸಲ ಇಳಿದು ಬಂದ ಮೇಲೆ ಕವರ್ ಬಿಚ್ಚಿ ತೊಳೆಯುವುದನ್ನು ಮಾತ್ರ ತಪ್ಪಿಸಬೇಡಿ.

ಕಾರಂಜಿ ಓಟಗಾರ (ಭಾನುವಾರ, 10.15)

ಏರಿಕೆಯ ವಿಷಯದಲ್ಲಿ ಬ್ಯಾರೋಮೀಟರೇ ಕಾರಣವೆಂದು ಒಪ್ಪುತ್ತೇನೆ. ದೂರದ ವಿಷಯದಲ್ಲಿ ನನ್ನ ಮಾತು ನಿಲ್ಲುತ್ತದೆ. ಕುಂತಿಬೆಟ್ಟದ ಬಂಡೆಗಳ ನಡುವೆ ನಿಮ್ಮ ವಾಚು ಎಷ್ಟು ದೂರ ತೋರಿಸಿತ್ತು ಸರ್?

ಫ್ರೆಂಚ್‌ರಾಕ್ಸ್ (ಭಾನುವಾರ, 10.40)

ಅದಕ್ಕೆ ಬೇರೆ ಚರ್ಚೆ ತೆರೆಯಿರಿ, ನಾನೂ ಬರುತ್ತೇನೆ. ಆ ಬೆಟ್ಟ ನನ್ನ ಮನೆಯ ಬಾಗಿಲಿನಲ್ಲೇ ಇದೆ.

ಮದ್ದೂರು ಸೈಕಲ್ (ಮಂಗಳವಾರ, ರಾತ್ರಿ 9.10)

ನನಗೂ ಇದೇ ಸಮಸ್ಯೆ. ಮದ್ದೂರಿನಿಂದ ಮಂಡ್ಯಕ್ಕೆ ಸಮತಟ್ಟಾದ ಹೆದ್ದಾರಿಯಲ್ಲಿ ಸೈಕಲ್ ಹೊಡೆದರೆ 600 ಮೀಟರ್ ಏರಿಕೆ ತೋರಿಸುತ್ತದೆ. ನನ್ನದಕ್ಕೆ ಕವರ್ ಇಲ್ಲ.

ಫ್ರೆಂಚ್‌ರಾಕ್ಸ್ (ಮಂಗಳವಾರ, ರಾತ್ರಿ 9.35)

ವಾಚು ಕೈಯಲ್ಲಿ ಇರುತ್ತದೆಯೇ, ಸೈಕಲ್ಲಿನ ಹ್ಯಾಂಡಲ್ ಮೇಲೆ ಇರುತ್ತದೆಯೇ? ರಂಧ್ರ ಗಾಳಿಗೆ ಎದುರಾಗಿ ಇದ್ದರೆ ಲಾರಿ ಪಕ್ಕದಲ್ಲಿ ಹಾದಾಗಲೆಲ್ಲ ಒತ್ತಡ ಬದಲಾಗುತ್ತದೆ. ಎತ್ತರದ ಗ್ರಾಫ್ ಮತ್ತು ವಾಚು ಕಟ್ಟಿಕೊಂಡ ಜಾಗದ ಫೋಟೊ ಎರಡನ್ನೂ ಹಾಕಿ. ವಾಚಿಗೆ ಮತ್ತು ಸೈಕಲ್ಲಿಗೆ ಇತ್ತೀಚೆಗೆ ಹೊಸದಾಗಿ ಏನೇ ಸೇರಿಸಿದ್ದರೂ, ಅದು ಎಷ್ಟೇ ಸಣ್ಣದಾಗಿರಲಿ, ಬರೆಯಿರಿ.