ಪೆಟ್ರೋಲ್ ಖರ್ಚಾದಂತೆ ಮೀಟರಿನ ಮುಳ್ಳು ಮೇಲೇರುತ್ತಿದೆ

ಶರಾವತಿ_ತೀರ:
ಹೊನ್ನಾವರದ ಹಿನ್ನೀರಿನಲ್ಲಿ ಓಡಿಸುವ ನನ್ನ ದೋಣಿಯ ಮೀಟರುಗಳನ್ನು ನಂಬುವಂತೆಯೇ ಇಲ್ಲ. ಟ್ಯಾಂಕ್ ತುಂಬಿಸಿ ಹೊರಟರೆ ಪೆಟ್ರೋಲ್ ಮೀಟರು ಖಾಲಿಯ ಹತ್ತಿರ ನಿಂತಿರುತ್ತದೆ, ಓಡಿಸಿದಷ್ಟೂ ಮುಳ್ಳು ಮೇಲೇರುತ್ತದೆ. ಸಂಜೆಯಾದರೆ ಉಷ್ಣತೆಯ ಮುಳ್ಳೂ ಒಮ್ಮೆಲೇ ಜಿಗಿಯುತ್ತದೆ. ಮಟ್ಟವನ್ನೋ ಉಷ್ಣತೆಯನ್ನೋ ಅಳೆದು ಮೀಟರಿಗೆ ಕಳಿಸುವ ಸೆಂಡರ್ ಬದಲಿಸಿ ಎನ್ನುತ್ತಾರೆ ಮೆಕ್ಯಾನಿಕ್. ಎರಡು ಸೆಂಡರುಗಳು ಒಟ್ಟಿಗೇ ಕೆಡುವುದುಂಟೇ? ಜನರನ್ನು ಕೂರಿಸಿಕೊಂಡು ಅಳಿವೆಯ ಕಡೆಗೆ ಹೋಗುವವನು ಇದನ್ನು ಹೀಗೆಯೇ ಬಿಡಲಾಗದು.

ಗಂಗೊಳ್ಳಿ_ದೋಣಿಗ:
ಸಂಜೆ ಎಂದರೆ ದೀಪ ಹಾಕಿದ ಮೇಲೆ ತಾನೇ? ಹಾಗಿದ್ದರೆ ಇದು ಅರ್ಥ್‌ನದೇ, ಅಂದರೆ ಕರೆಂಟು ಬ್ಯಾಟರಿಗೆ ಮರಳುವ ದಾರಿಯದೇ ದೋಷ. ದೀಪಗಳ ಕರೆಂಟು ಮತ್ತು ಮೀಟರುಗಳ ಕರೆಂಟು ಒಂದೇ ಕಪ್ಪು ವೈರಿನಲ್ಲಿ ಮರಳುತ್ತಿದ್ದು, ಉಪ್ಪುಗಾಳಿಗೆ ಅದರ ಜೋಡಣೆ ಕಿಲುಬು ಹಿಡಿದಿದ್ದರೆ, ದೀಪ ಹೊತ್ತಿದ ಕ್ಷಣವೇ ಮೀಟರುಗಳೆಲ್ಲ ತಪ್ಪು ತೋರಿಸುತ್ತವೆ. ದೀಪ ಹಾಕಿಟ್ಟು, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಮೀಟರಿನ 'ಜಿ' (ಅರ್ಥ್) ತುದಿಗೂ ಹಿಡಿದು ನೋಡಿ. ಸೊನ್ನೆಯ ಹತ್ತಿರ ಇರಬೇಕು.

ಕಡಲಗಾಳಿ:
ಮುಳ್ಳಿನ ಮೀಟರುಗಳ ಕಾಲ ಮುಗಿಯಿತು. ನನ್ನ ದೋಣಿಯಲ್ಲಿ ಎನ್‌ಎಂಇಎ 2000 ಎಂಬ, ದೋಣಿಯ ಎಲೆಕ್ಟ್ರಾನಿಕ್ ಉಪಕರಣಗಳನ್ನು ಬೆಸೆಯುವ ಜಾಲಕ್ಕೆ ಎಲ್ಲವನ್ನೂ ಜೋಡಿಸಿದ್ದೇನೆ. ಆರ್‌ಪಿಎಂ, ವೋಲ್ಟೇಜು, ಟ್ಯಾಂಕಿನ ಮಟ್ಟ ಎಲ್ಲವೂ ಒಂದೇ ಪರದೆಯಲ್ಲಿ ಕಾಣುತ್ತವೆ.

ಗಂಗೊಳ್ಳಿ_ದೋಣಿಗ:
ಪರದೆ ಎಷ್ಟೇ ದೊಡ್ಡದಿದ್ದರೂ ಟ್ಯಾಂಕಿನೊಳಗೆ ಇರುವುದು ಅದೇ ತೇಲುವ ಸೆಂಡರ್. ಅದು ಯಾವ ಬಗೆಯದೆಂದು, ಅದರ ಓದಿಕೆಯನ್ನು ಜಾಲಕ್ಕೆ ಕೊಡುವ ನಿಮ್ಮ ಅಡಾಪ್ಟರಿಗೂ ಹೇಳಿಕೊಡಲೇಬೇಕು.

ಶರಾವತಿ_ತೀರ:
ದೀಪ ಹಾಕಿದಾಗ 0.9 ವೋಲ್ಟ್ ಬಂತು. ಡ್ಯಾಶ್‌ಬೋರ್ಡಿನ ಹಿಂದಿನ ಅರ್ಥ್ ಜೋಡಣೆಯನ್ನು ಉಜ್ಜಿ ಬಿಗಿ ಮಾಡಿದ ಮೇಲೆ ಉಷ್ಣತೆಯ ಮುಳ್ಳು ನೆಟ್ಟಗಾಯಿತು. ಪೆಟ್ರೋಲ್ ಮೀಟರು ಮಾತ್ರ ಈಗಲೂ ತಿರುಗುಮುರುಗಾಗಿಯೇ ತೋರಿಸುತ್ತಿದೆ.

ಗಂಗೊಳ್ಳಿ_ದೋಣಿಗ:
ಹಾಗಾದರೆ ಟ್ಯಾಂಕಿನ ಅರ್ಥ್ ನೋಡಿ. ಅಲ್ಲಿಯೂ ಕಿಲುಬು ಇದ್ದೇ ಇರುತ್ತದೆ.

ಕಾಳಿ_ನದಿ:
ಅರ್ಥ್ ಕೆಟ್ಟರೆ ಓದಿಕೆ ಒಂದೇ ಕಡೆಗೆ ಜರುಗೀತೇ ಹೊರತು ಖಾಲಿ ಮತ್ತು ಭರ್ತಿ ಅದಲುಬದಲಾಗುವುದಿಲ್ಲ. ಸೆಂಡರಿನ ವಿದ್ಯುತ್ ರೋಧವನ್ನು ನೋಡಿಯೇ ಮೀಟರು ಮಟ್ಟ ತೋರಿಸುವುದು. ಅಮೆರಿಕದ ಪದ್ಧತಿಯ ಸೆಂಡರ್ ಟ್ಯಾಂಕ್ ಖಾಲಿಯಿದ್ದಾಗ 240 ಓಮ್, ತುಂಬಿದಾಗ 33 ಓಮ್ ಕೊಡುತ್ತದೆ. ಯುರೋಪಿನ ಪದ್ಧತಿಯಲ್ಲಿ ಖಾಲಿಗೆ 10, ಭರ್ತಿಗೆ 180. ಒಂದರ ಮೀಟರಿಗೆ ಇನ್ನೊಂದರ ಸೆಂಡರ್ ಜೋಡಿಸಿದರೆ ನೀವು ಹೇಳಿದಂತೆಯೇ ಆಗುತ್ತದೆ. ಮೀಟರನ್ನು ಯಾರಾದರೂ ಬದಲಿಸಿದ್ದರೇ?

ಶರಾವತಿ_ತೀರ:
ಹಳೆಯದರ ಗಾಜಿನೊಳಗೆ ನೀರು ಸೇರಿದ್ದರಿಂದ, ಮಳೆಗಾಲಕ್ಕೆ ಮೊದಲು, ಪರಿಚಯದವರು ವಿದೇಶದಿಂದ ತಂದಿದ್ದ ಮೀಟರನ್ನು ಹಾಕಿಸಿದ್ದೆ. ಸೆಂಡರ್ ಹಳೆಯದೇ.

ಕಾಳಿ_ನದಿ:
ಇದನ್ನು ಮೊದಲೇ ತಿಳಿಸಿದ್ದರೆ ಚರ್ಚೆ ಇಷ್ಟು ಉದ್ದವಾಗುತ್ತಿರಲಿಲ್ಲ. ಸ್ವಿಚ್ ಹಾಕಿಟ್ಟು, ಮೀಟರಿನ 'ಎಸ್' ತುದಿಯಿಂದ ಸೆಂಡರಿನ ವೈರನ್ನು ಬಿಚ್ಚಿ; ಸಾಮಾನ್ಯವಾಗಿ ಅದು ನಸುಗೆಂಪು ಬಣ್ಣದ್ದು. ಅಮೆರಿಕದ ಮೀಟರಾದರೆ ಮುಳ್ಳು ಖಾಲಿಗೆ ಇಳಿಯುತ್ತದೆ, ಯುರೋಪಿನದಾದರೆ ಭರ್ತಿಯ ಆಚೆಗೆ ಹೋಗುತ್ತದೆ.

ಶರಾವತಿ_ತೀರ:
ಭರ್ತಿಯ ಆಚೆಗೇ ಹೋಯಿತು. ಈಗ ಬದಲಿಸಬೇಕಾದುದು ಮೀಟರೋ, ಸೆಂಡರೋ?

ಕಡಲಗಾಳಿ:
ಸೆಂಡರನ್ನೇ ಬದಲಿಸಿ. ಮೀಟರು ಹೊಸದಲ್ಲವೇ?

ಕಾಳಿ_ನದಿ:
ನಾನು ಒಪ್ಪುವುದಿಲ್ಲ. ಸೆಂಡರಿನ ಉದ್ದ ಟ್ಯಾಂಕಿನ ಆಳಕ್ಕೆ ಹೊಂದಬೇಕು. ಅದನ್ನು ತೆಗೆಯಲು ಪೆಟ್ರೋಲಿನ ಆವಿ ತುಂಬಿದ ಟ್ಯಾಂಕನ್ನು ತೆರೆಯಬೇಕಾಗುತ್ತದೆ. 240–33 ಓಮ್ ಎಂದು ನಮೂದಿಸಿರುವ ಮೀಟರು ತಂದರೆ ಡ್ಯಾಶ್‌ಬೋರ್ಡಿನಲ್ಲಿಯೇ ಕೆಲಸ ಮುಗಿಯುತ್ತದೆ. ಅಲ್ಲಿಯವರೆಗೆ ಟ್ಯಾಂಕ್ ತುಂಬಿಸಿಯೇ ಹೊರಡಿ, ಓಡಿಸಿದ ಗಂಟೆಗಳನ್ನು ಬರೆದಿಟ್ಟು ಅದರ ಮೇಲೆ ಲೆಕ್ಕ ಹಾಕಿ. ಉಷ್ಣತೆಯ ಮೀಟರು ಸರಿಯಾಗಿದ್ದರೂ ಎಂಜಿನ್ನಿನ ಹಿಂದೆ ಬೀಳುವ ನೀರಿನ ಧಾರೆಯ ಮೇಲೆ ಕಣ್ಣಿಡಿ. ಪಂಪು ನೀರೆಳೆಯುವುದನ್ನು ನಿಲ್ಲಿಸಿದರೆ ಮುಳ್ಳಿಗಿಂತ ಮೊದಲು ಅದೇ ತಿಳಿಸುತ್ತದೆ.

ಗಂಗೊಳ್ಳಿ_ದೋಣಿಗ:
ಮೀಟರು ಬದಲಿಸುವುದಕ್ಕೆ ನನ್ನ ಆಕ್ಷೇಪವಿಲ್ಲ. ಆದರೂ ಟ್ಯಾಂಕಿನ ಅರ್ಥ್ ವೈರನ್ನು ನೋಡದೆ ಬಿಡಬೇಡಿ. ಪೆಟ್ರೋಲ್ ತುಂಬಿಸುವಾಗ ಹುಟ್ಟುವ ಸ್ಥಿರ ವಿದ್ಯುತ್ತು ಹರಿದುಹೋಗಬೇಕಾದುದೂ ಆ ವೈರಿನಲ್ಲಿಯೇ.